ಚಿತ್ರದೊಳಗೆ ಸಿಕ್ಕಿಕೊಂಡ ಕೋಲಾರ

ಫೋನಿನಲ್ಲಿ ಯಾವ ಜಾಲತಾಣ ತೆರೆದರೂ ಮೊದಲು ಕಾಣುವುದು ತಲೆಪಟ್ಟಿ, ಅಂದರೆ ಹೆಡರ್. ಅದರ ಕೆಳಗೆ ಮುಖಪುಟ, ಸುದ್ದಿ, ಸಂಪರ್ಕ ಅಂತ ಒತ್ತುವ ಗುಂಡಿಗಳ ಸಾಲು, ಅದು ಮೆನು. ಇಪ್ಪತ್ತು ವರ್ಷದ ಹಿಂದೆ ಕನ್ನಡದಲ್ಲಿ ಇವೆರಡನ್ನೂ ಬಹಳ ಕಡೆ ಫೋಟೋಶಾಪ್‌ನಲ್ಲಿ ಚಿತ್ರವಾಗಿಯೇ ಮಾಡುತ್ತಿದ್ದರು. ಬಂಗಾರಪೇಟೆ, ಕೆಜಿಎಫ್‌ನಂಥ ಊರುಗಳಲ್ಲಿ ಆ ಕಲೆ ಗೊತ್ತಿದ್ದದ್ದು ಡಿಟಿಪಿ ಅಂಗಡಿಯವರಿಗೆ. ಮದುವೆ ಕಾರ್ಡು, ಕರಪತ್ರ ಮಾಡುತ್ತಿದ್ದ ಅದೇ ಕಂಪ್ಯೂಟರು, ಅದೇ ಕೈ.

ಚಿತ್ರವೇ ಯಾಕೆ? ಫೋಟೋಶಾಪ್ ಬಂದದ್ದು 1990ರಲ್ಲಿ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡ ಸೇರಿದ್ದು 1991ರಲ್ಲಿ. ಆದರೆ ಫೋಟೋಶಾಪ್‌ನ ಹಳೆಯ ಆವೃತ್ತಿಗಳಿಗೆ ನಮ್ಮ ಒತ್ತಕ್ಷರ ಕೂಡಿಸಲು ಬರುತ್ತಿರಲಿಲ್ಲ. ಯುನಿಕೋಡ್‌ನಲ್ಲಿ 'ಚಿನ್ನ' ಅಂತ ಹಾಕಿದರೆ ಗುಡಿಸು ಒಂದು ಕಡೆ, ಒತ್ತು ಇನ್ನೊಂದು ಕಡೆ. ಚಿನ್ನದ ಊರಿನವರಿಗೆ ಚಿನ್ನ ಬರೆಯುವುದೇ ಕಷ್ಟ!

ಹಾಗಾಗಿ ನುಡಿ, ಬರಹ, ಶ್ರೀಲಿಪಿ ಗತಿ. ಈ ಹಳೆಯ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ನುಡಿಯಲ್ಲಿ 'ಕೋಲಾರ' ಅಂದರೆ 8 ಚೂರು. 'ಕೋ' ಒಂದಕ್ಕೇ 4. ಕಣ್ಣಿಗೆ ಚೆಂದದ ಕನ್ನಡ, ಕಂಪ್ಯೂಟರಿನ ಲೆಕ್ಕಕ್ಕೆ ಅರ್ಥವಿಲ್ಲದ ವಿದೇಶಿ ಅಕ್ಷರ. ನೋಡುವವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಕಸದ ರಾಶಿ. ಚಿತ್ರ ಮಾಡಿಬಿಟ್ಟರೆ ಆ ತಾಪತ್ರಯವಿಲ್ಲ.

ಕೆಲಸ ಹೀಗೆ ನಡೆಯುತ್ತಿತ್ತು. ಸುಮಾರು 900 ಪಿಕ್ಸೆಲ್ ಅಗಲದ ಹಾಳೆ. ಹಿಂದೆ ಒಂದು ಫೋಟೋ; ಕೆಜಿಎಫ್ ಅಂದರೆ ಗಣಿಯ ಶಾಫ್ಟಿನ ಮೇಲಿನ ಕಬ್ಬಿಣದ ಗೋಪುರ, ಇಲ್ಲವೇ ಸೈನೈಡ್ ದಿಬ್ಬ. ಮುಂದೆ ದಪ್ಪಕ್ಷರದ ಹೆಸರು, ಅದಕ್ಕೆ ನೆರಳು, ಹೊಳಪು (ಹೊಳಪು ಯಾವಾಗಲೂ ಸ್ವಲ್ಪ ಹೆಚ್ಚೇ). ಕೆಳಗೆ ಗುಂಡಿಗಳು. ಆಮೇಲೆ ಸ್ಲೈಸ್ ಉಪಕರಣದಿಂದ ಇಡೀ ಚಿತ್ರವನ್ನು ಬರ್ಫಿಯ ಹಾಗೆ ಕತ್ತರಿಸಿ, ಒಂದೊಂದು ತುಂಡಿಗೂ ಲಿಂಕ್ ಕೊಡುವುದು. 1999ರಿಂದ ಫೋಟೋಶಾಪ್ ಜೊತೆಗೇ ಬರುತ್ತಿದ್ದ ಇಮೇಜ್‌ರೆಡಿ ತಂತ್ರಾಂಶ, ಬೆರಳು ಸೋಕಿದರೆ ಬಣ್ಣ ಬದಲಾಗುವ ಗುಂಡಿಗಳನ್ನೂ ಮಾಡಿಕೊಡುತ್ತಿತ್ತು. ಬೆರಳೆಂದರೆ ಆಗ ಮೌಸಿನ ಬಾಣ.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಶುರುಮಾಡಿದ ಕಸುಬು ನಿಂತಿತು. ಅದೇ ಅಕ್ಟೋಬರ್‌ನಲ್ಲಿ ತುಂಗಾ ಎಂಬ ಕನ್ನಡ ಯುನಿಕೋಡ್ ಫಾಂಟ್ ಹೊತ್ತು ವಿಂಡೋಸ್ ಎಕ್ಸ್‌ಪಿ ಬಂತು. ಅಂದರೆ ಗಣಿ ಮುಚ್ಚಿ, ಊರಿನ ನೆನಪುಗಳನ್ನು ಎಲ್ಲಾದರೂ ಬರೆದಿಡಬೇಕಾದ ಹೊತ್ತಿಗೆ ಸರಿಯಾಗಿ ಬರೆಯುವ ದಾರಿಯೂ ತೆರೆದಿತ್ತು. ಅಭ್ಯಾಸ ಮಾತ್ರ ಬದಲಾಗಲಿಲ್ಲ. ರಾಜ್ಯ ಸರ್ಕಾರವೇ ಯುನಿಕೋಡ್ ಫಾಂಟುಗಳನ್ನು ಹೊರತಂದದ್ದು 2012ರಲ್ಲಿ.

ನಷ್ಟ ಯಾರಿಗೆ? ಚಿತ್ರದಲ್ಲಿರುವ 'ಚಾಂಪಿಯನ್ ರೀಫ್', 'ಊರಿಗಾಂ', 'ಮಾರಿಕುಪ್ಪಂ' ಅಂದಿನ ಗೂಗಲ್‌ಗೆ ಬರೀ ಬಣ್ಣ. ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶ ಅಲ್ಲಿ ಮೂಕ. ತಾಣ ಹಳತಾಗಿ ಚಿತ್ರಗಳು ಅಳಿಸಿಹೋದರಂತೂ ಖಾಲಿ ಚೌಕಗಳಷ್ಟೇ ಉಳಿಯುತ್ತವೆ, ಒಳಗೆ ಹೋಗುವ ಬಾಗಿಲುಗಳ ಹೆಸರೇ ಇರುವುದಿಲ್ಲ. ಗಣಿಯ ಚರಿತ್ರೆಗೆ ಇದು ಸಣ್ಣ ನಷ್ಟ ಅಂತ ನಮಗನ್ನಿಸುವುದಿಲ್ಲ. ಅಲ್ಲಿ ದುಡಿದವರ ಮೊಮ್ಮಕ್ಕಳು ಇವತ್ತು ಹುಡುಕುವುದು ಫೋನಿನಲ್ಲೇ.

ಈಗಿನ ಫೋಟೋಶಾಪ್‌ನಲ್ಲಿ 'ಚಿನ್ನ' ಒಡೆಯದೆ ಬರುತ್ತದೆ. ಆದರೂ ಫೋಟೋ ಮಾತ್ರ ಅಲ್ಲಿ ಮಾಡಿ, ಹೆಸರು ಮತ್ತು ಮೆನುವನ್ನು ಪುಟದಲ್ಲೇ ಅಕ್ಷರವಾಗಿ ಹಾಕುವುದು ಒಳ್ಳೆಯದು.

ನಿಮ್ಮೂರಿನ ಡಿಟಿಪಿ ಅಂಗಡಿಯ ಹಳೇ ಸಿಡಿಗಳಲ್ಲಿ ಪಿಎಸ್‌ಡಿ ಫೈಲುಗಳಿದ್ದರೆ ಬಿಸಾಡಬೇಡಿ ಅನ್ನಿ. ಪದರಗಳು ಹಾಗೇ ಉಳಿದಿದ್ದರೆ ನುಡಿಯ ಅಕ್ಷರ ಕಾಪಿ ಮಾಡಿ ಯುನಿಕೋಡ್‌ಗೆ ತಿರುಗಿಸಬಹುದು. ಜೆಪಿಜಿ ಮಾತ್ರ ಇದ್ದರೆ ನೋಡಿಕೊಂಡು ಮತ್ತೆ ಟೈಪ್ ಮಾಡಬೇಕು.