ಹಿತ್ತಿಲಿನಲ್ಲಿ ದೊರೆತ ಗ್ರಹ

‘ಯುರೇನಸ್ ಗ್ರಹವನ್ನು 1781ರಲ್ಲಿ ವಿಲಿಯಂ ಹರ್ಷೆಲ್ ಕಂಡುಹಿಡಿದನು’ ಎಂಬ ವಾಕ್ಯವನ್ನು ಶಾಲೆಯಲ್ಲಿ ಓದದವರು ವಿರಳ. ಅಧ್ಯಾಪಕನಾಗಿದ್ದ ಕಾಲದಲ್ಲಿ ನಾನೂ ಅದನ್ನು ಎಷ್ಟೋ ಬಾರಿ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ವಾಕ್ಯದಲ್ಲಿ ದೋಷವೇನೂ ಇಲ್ಲ. ಆದರೆ ಆ ಗ್ರಹ ಪತ್ತೆಯಾದದ್ದು ಅರಸರ ವೇಧಶಾಲೆಯಲ್ಲಲ್ಲ, ಒಬ್ಬ ಸಂಗೀತದ ಮೇಷ್ಟರ ಮನೆಯ ಹಿತ್ತಿಲಿನಲ್ಲಿ ಎಂಬ ಸಂಗತಿ ಅದರಲ್ಲಿ ಬರುವುದಿಲ್ಲ. ನನಗೆ ಮುಖ್ಯವೆನಿಸುವುದು ಆ ಸಂಗತಿಯೇ.

ಹರ್ಷೆಲ್ ಹುಟ್ಟಿದ್ದು 1738ರಲ್ಲಿ, ಜರ್ಮನಿಯ ಹ್ಯಾನೋವರ್‌ನಲ್ಲಿ. ಸೇನೆಯ ವಾದ್ಯವೃಂದದಲ್ಲಿದ್ದ ಆತ 1757ರಲ್ಲಿ ಇಂಗ್ಲೆಂಡಿಗೆ ಬಂದ. ಮುಂದೆ ಬಾತ್ ನಗರದ ಚರ್ಚೊಂದರಲ್ಲಿ ಆರ್ಗನ್ ವಾದಕನಾದ. ಹಗಲೆಲ್ಲ ಸಂಗೀತದ ಪಾಠ, ಕಛೇರಿ. ರಾತ್ರಿ ಗಣಿತ ಹಾಗೂ ಖಗೋಳದ ಓದು. 1772ರಲ್ಲಿ ತಂಗಿ ಕ್ಯಾರೊಲಿನ್ ಬಂದು ಅಣ್ಣನ ಮನೆ ಸೇರಿದಳು.

ಒಳ್ಳೆಯ ದೂರದರ್ಶಕವನ್ನು ಕೊಳ್ಳುವಷ್ಟು ಹಣವಿಲ್ಲದ ಕಾರಣ ಹರ್ಷೆಲ್ ತಾನೇ ಅದನ್ನು ತಯಾರಿಸತೊಡಗಿದ. ಆ ಕಾಲದ ದರ್ಪಣಗಳು ಗಾಜಿನವಲ್ಲ; ತಾಮ್ರ ಮತ್ತು ತವರದ ಮಿಶ್ರಲೋಹದವು. ಅವನ್ನು ಎರಕ ಹೊಯ್ದು, ತಾಸುಗಟ್ಟಲೆ ಉಜ್ಜಿ ನಯಗೊಳಿಸಬೇಕಾಗಿತ್ತು. ಒಮ್ಮೆ ಆತ 16 ಗಂಟೆಗಳ ಕಾಲ ದರ್ಪಣದಿಂದ ಕೈ ತೆಗೆಯದೆ ಕುಳಿತನಂತೆ. ಅಂಥ ಹೊತ್ತಿನಲ್ಲಿ ತಾನು ಅಣ್ಣನ ಬಾಯಿಗೆ ತುತ್ತಿಡುತ್ತಿದ್ದುದಾಗಿ ಕ್ಯಾರೊಲಿನ್ ತನ್ನ ನೆನಪುಗಳಲ್ಲಿ ಹೇಳಿಕೊಂಡಿದ್ದಾಳೆ.

1781ರ ಮಾರ್ಚ್ 13ರ ರಾತ್ರಿ ಹತ್ತು ಗಂಟೆಯ ಮೇಲೆ ಆತ ನ್ಯೂ ಕಿಂಗ್ ಬೀದಿಯ ತನ್ನ ಮನೆಯ ಹಿಂದಿನ ಅಂಗಳದಲ್ಲಿ ನಕ್ಷತ್ರಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದ. ಆತನ ದೂರದರ್ಶಕದ ಉದ್ದ ಏಳು ಅಡಿ. ದರ್ಪಣದ ಅಗಲ ಆರು ಅಂಗುಲಕ್ಕೆ ತುಸು ಹೆಚ್ಚು. ವೃಷಭ ಮತ್ತು ಮಿಥುನ ರಾಶಿಗಳ ಗಡಿಯಲ್ಲಿದ್ದ ಒಂದು ಚುಕ್ಕೆ ಉಳಿದವುಗಳಿಗಿಂತ ದಪ್ಪವಾಗಿ ಕಂಡಿತು. ಆಗ ವರ್ಧನೆ 227 ಪಟ್ಟು ಇತ್ತು. ಅದನ್ನು 460ಕ್ಕೂ ಆಮೇಲೆ 932ಕ್ಕೂ ಏರಿಸಿ ನೋಡಿದ. ನಕ್ಷತ್ರಗಳು ವರ್ಧನೆಗೆ ತಕ್ಕಂತೆ ಹಿಗ್ಗುವುದಿಲ್ಲ. ಈ ಚುಕ್ಕೆ ಹಿಗ್ಗಿತು. ನಾಲ್ಕು ದಿನಗಳ ಅನಂತರ ನೋಡಿದಾಗ ಅದು ಸ್ಥಳ ಬದಲಿಸಿತ್ತು.

ಹರ್ಷೆಲ್ ಅದನ್ನು ಧೂಮಕೇತುವೆಂದು ವರದಿ ಮಾಡಿದ. ಅನಂತರ ಲೆಕ್ಸೆಲ್ ಮೊದಲಾದ ಗಣಿತಜ್ಞರು ಲೆಕ್ಕ ಹಾಕಿ, ಅದರ ಕಕ್ಷೆ ಬಹುಮಟ್ಟಿಗೆ ವೃತ್ತಾಕಾರವಾಗಿದೆ, ಆದ್ದರಿಂದ ಅದು ಗ್ರಹವೇ ಎಂದು ತೋರಿಸಿದರು. ಬುಧನಿಂದ ಶನಿಯವರೆಗಿನ ಐದು ಗ್ರಹಗಳು ಪ್ರಾಚೀನರಿಗೂ ಗೊತ್ತಿದ್ದವು. ಮನುಷ್ಯ ದೂರದರ್ಶಕದಿಂದ ಕಂಡುಕೊಂಡ ಮೊದಲನೆಯ ಗ್ರಹ ಇದು. ಸೂರ್ಯನಿಂದ ಇದರ ದೂರ ಶನಿಯ ದೂರಕ್ಕೆ ಸುಮಾರು ಎರಡರಷ್ಟು. ಒಂದು ಸುತ್ತು ಮುಗಿಸಲು 84 ವರ್ಷ ಬೇಕು. ಸೌರವ್ಯೂಹದ ಎಲ್ಲೆ ಒಮ್ಮೆಲೇ ಇಮ್ಮಡಿಯಾಯಿತು.

ವಿಶೇಷವೆಂದರೆ, ಈ ಗ್ರಹವನ್ನು ಹರ್ಷೆಲ್‌ಗಿಂತ ಮೊದಲೇ ಹಲವರು ನೋಡಿದ್ದರು. ಗ್ರೀನಿಚ್ಚಿನ ಫ್ಲ್ಯಾಮ್‌ಸ್ಟೀಡ್ 1690ರಲ್ಲಿ ಅದನ್ನು ವೃಷಭ ರಾಶಿಯ 34ನೆಯ ನಕ್ಷತ್ರವೆಂದು ಪಟ್ಟಿಗೆ ಸೇರಿಸಿದ್ದ. ಫ್ರಾನ್ಸಿನ ಲಮೋನಿಯೆ ಅದನ್ನು ಹಲವು ಬಾರಿ ಗುರುತು ಹಾಕಿಕೊಂಡಿದ್ದ. 1769ರ ಜನವರಿಯಲ್ಲಂತೂ ಕೆಲವೇ ದಿನಗಳ ಅಂತರದಲ್ಲಿ ಮತ್ತೆ ಮತ್ತೆ. ಆದರೆ ಆ ದಿನಗಳಲ್ಲಿ ಗ್ರಹವು ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಂತಿತ್ತು. ಅವರೇನೂ ಅಲ್ಪರಲ್ಲ, ಅವರ ಗಮನ ಚುಕ್ಕೆಗಳ ಸ್ಥಾನವನ್ನು ಅಳೆಯುವುದರಲ್ಲಿತ್ತು. ಹರ್ಷೆಲ್ ಚುಕ್ಕೆಯ ರೂಪವನ್ನೇ ಪರೀಕ್ಷಿಸುತ್ತಿದ್ದ. ನಕ್ಷತ್ರ ಹೇಗೆ ಕಾಣಬೇಕೆಂಬುದು ಸಾವಿರಾರು ನೋಟಗಳಿಂದ ಆತನಿಗೆ ಕರಗತವಾಗಿತ್ತು. ಆದ್ದರಿಂದಲೇ ಹಾಗೆ ಕಾಣದಿದ್ದುದು ಆತನನ್ನು ತಡೆದು ನಿಲ್ಲಿಸಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕಾಣೆ.

1782ರಲ್ಲಿ ಮೂರನೆಯ ಜಾರ್ಜ್ ದೊರೆ ಹರ್ಷೆಲ್‌ಗೆ ವರ್ಷಕ್ಕೆ 200 ಪೌಂಡುಗಳ ವೇತನ ಗೊತ್ತುಮಾಡಿದ; ಸಂಗೀತದ ಪಾಠಗಳು ನಿಂತವು. ಹರ್ಷೆಲ್ ಗ್ರಹಕ್ಕೆ ದೊರೆಯ ಹೆಸರಿಟ್ಟರೂ ಕೊನೆಗೆ ಉಳಿದದ್ದು ಜರ್ಮನಿಯ ಬೋಡೆ ಸೂಚಿಸಿದ ಯುರೇನಸ್ ಎಂಬ ಹೆಸರು. 1786ರಲ್ಲಿ ಕ್ಯಾರೊಲಿನ್ ತಾನೇ ಒಂದು ಧೂಮಕೇತುವನ್ನು ಕಂಡುಹಿಡಿದಳು. ಮರುವರ್ಷ ಆಕೆಗೂ 50 ಪೌಂಡುಗಳ ವೇತನ ದೊರೆಯಿತು. ಅಣ್ಣನ ಬಾಯಿಗೆ ತುತ್ತಿಟ್ಟ ಕೈ ಆಕಾಶದ ಲೆಕ್ಕವನ್ನೂ ಬರೆಯಿತು.

ಗುರುತಿಸದೆ ಬಿಟ್ಟವರ ಶ್ರಮವೂ ವ್ಯರ್ಥವಾಗಲಿಲ್ಲ. ಯುರೇನಸ್ ಲೆಕ್ಕಕ್ಕೆ ಸಿಗದೆ ದಾರಿ ತಪ್ಪುತ್ತಿದೆಯೆಂದು ತಿಳಿದಾಗ, ಫ್ರಾನ್ಸಿನ ಲವೆರ್ಯೆ ಫ್ಲ್ಯಾಮ್‌ಸ್ಟೀಡನ ಹಳೆಯ ದಾಖಲೆಯನ್ನೂ ಬಳಸಿಕೊಂಡು ಇನ್ನೊಂದು ಗ್ರಹ ಇರಬೇಕಾದ ಸ್ಥಾನವನ್ನು ಗಣಿಸಿದ. 1846ರಲ್ಲಿ ನೆಪ್ಚೂನ್ ಅದರ ಸಮೀಪದಲ್ಲೇ ದೊರೆಯಿತು.

ಹರ್ಷೆಲ್ ಬಳಸಿದಷ್ಟು ಅಗಲದ ದೂರದರ್ಶಕಗಳು ಇಂದು ಹವ್ಯಾಸಿಗಳ ಕೈಗೂ ಎಟುಕುತ್ತವೆ. ಮನೆಯ ಮಾಳಿಗೆಯಲ್ಲೋ ಹಿತ್ತಿಲಿನಲ್ಲೋ ಅಂಥದನ್ನು ಇಟ್ಟುಕೊಂಡ ಮಕ್ಕಳಿಗೆ ನಾನು ಹೇಳುವುದಿಷ್ಟೆ: ಕಂಡದ್ದನ್ನು ತೇದಿ, ವೇಳೆ ಹಾಕಿ ಬರೆದಿಡಿ. ಅದರ ಅರ್ಥ ಅಂದೇ ಹೊಳೆಯಬೇಕೆಂದಿಲ್ಲ.