ಕೃತಕ ಬುದ್ಧಿಮತ್ತೆ: ಸಂಸ್ಥೆಗಳಿಗೆ ದಕ್ಕುವ ನಿಜವಾದ ಪ್ರಯೋಜನ

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರ ಬಳಕೆಗೆ ಬಂದಿತು. ಅಂದಿನಿಂದ ಬ್ಯಾಂಕು, ವಿಮೆ, ಕಾರ್ಖಾನೆ, ಆಸ್ಪತ್ರೆ ಎಂಬ ಭೇದವಿಲ್ಲದೆ ಅನೇಕ ಸಂಸ್ಥೆಗಳು ಜನರೇಟಿವ್ ಕೃತಕ ಬುದ್ಧಿಮತ್ತೆಯನ್ನು ಅಳವಡಿಸಿಕೊಳ್ಳಲು ಮುಂದಾಗಿವೆ. ಕೇಳಿದ್ದಕ್ಕೆ ತಕ್ಕಂತೆ ಹೊಸದಾಗಿ ಬರಹ, ಚಿತ್ರ ಅಥವಾ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ರಚಿಸಿಕೊಡುವ ತಂತ್ರಾಂಶಗಳಿಗೆ ಈ ಹೆಸರು. ಪುಣೆ, ಹೈದರಾಬಾದ್, ಚೆನ್ನೈ ಮುಂತಾದ ನಗರಗಳ ಕಚೇರಿಗಳಲ್ಲಿ ದುಡಿಯುವ ನಮ್ಮ ಓದುಗರಲ್ಲಿ ಅನೇಕರಿಗೆ ಇದು ನಿತ್ಯದ ಮಾತು. ತಂತ್ರಾಂಶವನ್ನು ತಂದ ಮಾತ್ರಕ್ಕೆ ಲಾಭ ಬರುವುದೇ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಹಳೆಯ ಪಾಠ

ವಿದ್ಯುತ್ತು ಕಾರ್ಖಾನೆಗಳಿಗೆ ಬಂದಾಗಲೂ ಇದೇ ಪ್ರಶ್ನೆ ಎದುರಾಗಿತ್ತು. ಅರ್ಥಶಾಸ್ತ್ರಜ್ಞ ಪಾಲ್ ಡೇವಿಡ್ ಅವರು 1990ರಲ್ಲಿ ಇದನ್ನು ವಿವರಿಸಿದರು. ಅಮೆರಿಕದ ಮಾಲೀಕರು ಮೊದಮೊದಲು ಉಗಿಯಂತ್ರವನ್ನು ತೆಗೆದು ಅದರ ಜಾಗದಲ್ಲಿ ವಿದ್ಯುತ್ ಮೋಟಾರನ್ನು ಇಟ್ಟರೇ ಹೊರತು ಕೆಲಸದ ಕ್ರಮವನ್ನು ಬದಲಿಸಲಿಲ್ಲ. ಒಂದೊಂದು ಯಂತ್ರಕ್ಕೂ ಪ್ರತ್ಯೇಕ ಮೋಟಾರು ಬಂದು, ಕಟ್ಟಡದ ವಿನ್ಯಾಸವೇ ಬದಲಾದ ಮೇಲೆ, ಅಂದರೆ 1920ರ ದಶಕದಲ್ಲಿ, ಪೂರ್ಣ ಫಲ ಕಾಣಿಸಿತು.

ಫಲ ದೊರೆತದ್ದು ಎಲ್ಲಿ?

ಸ್ಟ್ಯಾನ್‌ಫರ್ಡ್ ಮತ್ತು ಎಂಐಟಿ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಗ್ರಾಹಕ ಸೇವೆಯ 5,000ಕ್ಕೂ ಹೆಚ್ಚು ಸಿಬ್ಬಂದಿಯ ಕೆಲಸವನ್ನು ಪರಿಶೀಲಿಸಿತು. ತಂತ್ರಾಂಶದ ಸಲಹೆ ಪಡೆದವರು ಗಂಟೆಗೆ ಬಗೆಹರಿಸಿದ ಸಮಸ್ಯೆಗಳ ಸಂಖ್ಯೆ ಸರಾಸರಿ ಶೇ. 14ರಷ್ಟು ಏರಿತು. ಹೊಸಬರಲ್ಲಿ ಈ ಏರಿಕೆ ಶೇ. 34ರಷ್ಟಿದ್ದರೆ, ಅನುಭವಿಗಳಲ್ಲಿ ಅತ್ಯಲ್ಪವಾಗಿತ್ತು. ನುರಿತವರ ಜಾಣ್ಮೆಯನ್ನು ತಂತ್ರಾಂಶವು ಹೊಸಬರಿಗೆ ಹಂಚಿತೆಂಬುದು ಸಂಶೋಧಕರ ವಿವರಣೆ. ಹಾಗಿದ್ದ ಮೇಲೆ ಖರ್ಚು ಉಳಿಸಲೆಂದು ನುರಿತವರನ್ನೇ ಮನೆಗೆ ಕಳುಹಿಸುವ ಸಂಸ್ಥೆಯು ಬಾವಿಯ ಸೆಲೆಯನ್ನೇ ಮುಚ್ಚಿದಂತಾಗುತ್ತದೆ ಎಂದು ನಾವು ಭಾವಿಸುತ್ತೇವೆ.

ಕ್ಲಾರ್ನಾದ ಅನುಭವ

ಸ್ವೀಡನ್ನಿನ ಪಾವತಿ ಸಂಸ್ಥೆ ಕ್ಲಾರ್ನಾ 2024ರ ಫೆಬ್ರವರಿಯಲ್ಲಿ ತನ್ನ ಯಂತ್ರಸಹಾಯಕನ ಮೊದಲ ತಿಂಗಳ ಲೆಕ್ಕವನ್ನು ಸಾರಿತು: 23 ಲಕ್ಷ ಸಂಭಾಷಣೆಗಳು, 700 ಪೂರ್ಣಾವಧಿ ನೌಕರರಿಗೆ ಸಮನಾದ ಕೆಲಸ, 11 ನಿಮಿಷದ ವ್ಯವಹಾರ 2 ನಿಮಿಷದೊಳಗೆ ಮುಕ್ತಾಯ. ಆದರೆ 2025ರ ಮೇ ತಿಂಗಳಿನಲ್ಲಿ, ವೆಚ್ಚದ ಮೇಲೆ ಅತಿಯಾಗಿ ಗಮನವಿಟ್ಟದ್ದರಿಂದ ಗುಣಮಟ್ಟ ಕುಸಿಯಿತೆಂದು ಅದರ ಮುಖ್ಯಸ್ಥರೇ ಒಪ್ಪಿಕೊಂಡರು. ಬಯಸಿದ ಗ್ರಾಹಕರಿಗೆ ಮನುಷ್ಯರೇ ಉತ್ತರಿಸುವಂತೆ ಮತ್ತೆ ನೇಮಕಾತಿಯೂ ಆರಂಭವಾಯಿತು. ನಿಮಿಷಗಳನ್ನು ಎಣಿಸುವುದು ಸುಲಭ. ಗ್ರಾಹಕನ ತೊಡಕು ತೀರಿತೇ ಎಂದು ತಿಳಿಯುವುದು ಕಷ್ಟ. ನಿಜವಾದ ಮೌಲ್ಯವಿರುವುದು ಎರಡನೆಯದರಲ್ಲಿ.

ಹೊಣೆ ಯಾರದು?

ಏರ್ ಕೆನಡಾದ ಜಾಲತಾಣದಲ್ಲಿದ್ದ ಸಂವಾದಯಂತ್ರವು ಬಂಧುವನ್ನು ಕಳೆದುಕೊಂಡ ಪ್ರಯಾಣಿಕರೊಬ್ಬರಿಗೆ ರಿಯಾಯಿತಿ ದರದ ಬಗ್ಗೆ ತಪ್ಪು ಮಾಹಿತಿ ನೀಡಿತ್ತು. ಯಂತ್ರದ ಮಾತಿಗೆ ತಾನು ಹೊಣೆಯಲ್ಲವೆಂಬ ಸಂಸ್ಥೆಯ ವಾದವನ್ನು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ತಳ್ಳಿಹಾಕಿ, ಸುಮಾರು 812 ಕೆನಡಾ ಡಾಲರು ನೀಡುವಂತೆ ಆದೇಶಿಸಿತು. ಮೊತ್ತ ಚಿಕ್ಕದಾದರೂ ತೀರ್ಪಿನ ಅರ್ಥ ದೊಡ್ಡದು: ಯಂತ್ರ ಆಡಿದ ಮಾತು ಸಂಸ್ಥೆಯದೇ ಮಾತು.

ತೂಗಿ ನೋಡಬೇಕಾದ ಅಂಶಗಳು

1. ಬಗೆಹರಿಯಬೇಕಾದ ತೊಂದರೆ ಯಾವುದು? ಒಂದು ಸರಳ ಅರ್ಜಿ ನಮೂನೆಯಿಂದ ತೀರುವ ಕೆಲಸಕ್ಕೆ ಈ ತಂತ್ರಾಂಶವನ್ನು ತರುವುದು ಕೊಂಕಣ ಸುತ್ತಿ ಮೈಲಾರಕ್ಕೆ ಹೋದಂತೆ.

2. ಇಂದು ಆ ಕೆಲಸಕ್ಕೆ ತಗಲುವ ಸಮಯ, ವೆಚ್ಚ, ತಪ್ಪುಗಳ ಲೆಕ್ಕವಿದೆಯೇ? ಮೊದಲಿನ ಅಳತೆ ಇಲ್ಲದಿದ್ದರೆ ಸುಧಾರಣೆಯನ್ನು ತೋರಿಸಲಾಗದು.

3. ಖರ್ಚಿನಲ್ಲಿ ಪರವಾನಗಿ ಶುಲ್ಕದ ಜೊತೆಗೆ ತರಬೇತಿಯೂ, ಯಂತ್ರದ ಉತ್ತರಗಳನ್ನು ಪರೀಕ್ಷಿಸುವವರ ಸಮಯವೂ ಸೇರಿದೆಯೇ?

4. ತಪ್ಪಾದರೆ ನಷ್ಟ ಯಾರಿಗೆ? ಸಭೆಯ ಟಿಪ್ಪಣಿಯ ಕರಡಿನಲ್ಲಿ ತಪ್ಪನ್ನು ತಿದ್ದಬಹುದು. ಸಾಲ ಅಥವಾ ಔಷಧಿಯ ವಿಷಯದಲ್ಲಿ ಅದು ಒಬ್ಬರ ಬದುಕಿಗೇ ತಟ್ಟುತ್ತದೆ.

5. ಫಲ ಕಾಣದಿದ್ದರೆ ಪ್ರಯೋಗವನ್ನು ನಿಲ್ಲಿಸುವ ದಿನವನ್ನು ಮೊದಲೇ ಗೊತ್ತುಮಾಡಲಾಗಿದೆಯೇ?

ಈ ಐದು ಪ್ರಶ್ನೆಗಳಿಗೆ ಉತ್ತರ ದೊರೆತ ಕೆಲಸವೊಂದನ್ನು ಆರಿಸಿಕೊಂಡು, ಅದನ್ನು ಪ್ರತಿನಿತ್ಯ ಮಾಡುವವರನ್ನೇ ಜೊತೆಗೆ ಕೂರಿಸಿಕೊಂಡು ಆರಂಭಿಸುವುದು ಲೇಸು. ಯಂತ್ರ ಎಲ್ಲಿ ನೆರವಾಗುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಎಲ್ಲರಿಗಿಂತ ಮೊದಲು ಅರಿಯುವವರು ಅವರೇ.