ಮಳೆ ಊರಲ್ಲಿ ಕೆರೆ ಊರಿನವನು

ನಮ್ಮಪ್ಪ ಫೋನ್ ಮಾಡಿದ್ರೆ ಮೊದಲು ಕೇಳೋದು ಊಟ ಆಯ್ತಾ ಅಂತಲ್ಲ, ಮಳೆ ಬಂತಾ ಅಂತ. ಶ್ರೀನಿವಾಸಪುರ ತಾಲೂಕಿನ ನಮ್ಮ ಹಳ್ಳಿಯಲ್ಲಿ ಇದು ಯೋಗಕ್ಷೇಮ ವಿಚಾರಿಸೋ ಮಾತು. ನಾನು ಜುಲೈ ತಿಂಗಳ ಮಂಗಳೂರಿನಲ್ಲಿ, ಮೂರು ದಿನ ಫ್ಯಾನಿನ ಕೆಳಗೆ ಹರವಿದರೂ ಒಣಗದ ಜೀನ್ಸ್ ಹಾಕ್ಕೊಂಡು, "ಬರ್ತಾನೇ ಐತಪ್ಪ" ಅಂತೀನಿ. ಆ ಕಡೆ ಸ್ವಲ್ಪ ಹೊತ್ತು ಮಾತಿರಲ್ಲ. ಆಮೇಲೆ, "ಒಂಚೂರು ಈ ಕಡೆಗೂ ಕಳ್ಸೋ" ಅಂತಾರೆ.

2015ರ ಜೂನಿನಲ್ಲಿ ಕೆಲಸಕ್ಕೆ ಅಂತ ಇಲ್ಲಿಗೆ ಬಂದಾಗ ಇದು ಬರೀ ತಮಾಷೆಯಾಗಿತ್ತು. ಒಂದು ವರ್ಷ ಕಳೆಯೋದ್ರೊಳಗೆ ಅದರಲ್ಲಿ ತಮಾಷೆ ಉಳಿದಿರಲಿಲ್ಲ. ಅದನ್ನ ಹೇಳೋಕೆ ಮುಂಚೆ ಸ್ವಲ್ಪ ಹಳೇ ಕಥೆ ಹೇಳ್ಬೇಕು.

ಮಂಗಳೂರು ಅನ್ನೋ ಹೆಸರನ್ನ ನಾನು ಮೊದಲು ಓದಿದ್ದು ಭೂಪಟದಲ್ಲಲ್ಲ, ಅಜ್ಜಿ ಮನೆಯ ದನದ ಕೊಟ್ಟಿಗೆಯಿಂದ ಬಿದ್ದ ಒಂದು ಹೆಂಚಿನ ಬೆನ್ನ ಮೇಲೆ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ, ನೇತ್ರಾವತಿ ದಡದಲ್ಲಿ, ಹೆಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ, ಗುರುಪುರ ಹೊಳೆಗಳ ಜೇಡಿಮಣ್ಣು, ಘಟ್ಟದ ಸೌದೆ, ಮಾಲು ಸಾಗಿಸೋಕೆ ಹಳೇ ಬಂದರು. ಮೂರು ವರ್ಷಕ್ಕೆ ಅಲ್ಬುಕರ್ಕ್ ಅವರ ಕಾರ್ಖಾನೆಯೂ ಬಂತು. ಆಮೇಲೆ ಈ ಹೆಂಚು ಎಲ್ಲೆಲ್ಲಿಗೆ ಹೋಯ್ತು ಅಂತ ಪಟ್ಟಿ ಮಾಡೋಕಿಂತ ಎಲ್ಲಿಗೆ ಹೋಗಲಿಲ್ಲ ಅಂತ ಹೇಳೋದು ಸುಲಭ. ನಮ್ಮ ಮಾಲೂರಿನಲ್ಲೇ ಹೆಂಚು, ಇಟ್ಟಿಗೆಯ ಕಾರ್ಖಾನೆಗಳು ಸಾಲಾಗಿ ಎದ್ದವು. ಆದರೂ ಮಾಲೂರಿನಲ್ಲಿ ಸುಟ್ಟ ಹೆಂಚಿಗೂ ನಮ್ಮೂರಲ್ಲಿ ಮಂಗಳೂರು ಹೆಂಚು ಅಂತಲೇ ಹೆಸರು. ಅಂದ್ರೆ ನೇತ್ರಾವತಿಯ ಮಣ್ಣು ಯಾವತ್ತೋ ಘಟ್ಟ ಹತ್ತಿ ಕೋಲಾರಕ್ಕೆ ಬಂದಿದೆ, ಅದಕ್ಕೆ ಯಾರೂ ತಕರಾರು ಮಾಡಿಲ್ಲ. ಜಗಳ ಇರೋದು ನೀರಿಗೆ.

ಈ ಕಡೆಯಿಂದ ಆ ಕಡೆಗೆ ಹೋದವರಲ್ಲಿ ನಾನು ಮೊದಲಿಗನಲ್ಲ. ಹೈದರಾಲಿ ಹುಟ್ಟಿದ್ದು ಬಂಗಾರಪೇಟೆ ತಾಲೂಕಿನ ಬೂದಿಕೋಟೆಯಲ್ಲಿ. ಅವರಪ್ಪ ಫತೇ ಮಹಮ್ಮದನ ಸಮಾಧಿ ಕೋಲಾರ ಪೇಟೆಯಲ್ಲಿದೆ. 1763ರಲ್ಲಿ ಬಿದನೂರನ್ನ ಗೆದ್ದಾಗ ಮಂಗಳೂರು ಅವನ ಕೈಗೆ ಬಂತು. ಕೆರೆ ಬಿಟ್ಟರೆ ಬೇರೆ ನೀರು ಕಾಣದ ಊರಿನವನು ಇಲ್ಲಿ ಹಡಗು ಕಟ್ಟಿಸೋಕೆ ಹೊರಟ! ಬಿಜೈಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಬಾಯಮ್ಮನಿಗೆ ಇದನ್ನ ಉತ್ಸಾಹದಿಂದ ಹೇಳಿದೆ, ಕೋಲಾರದಿಂದ ಕೆಲಸಕ್ಕೆ ಬಂದ ಮೊದಲನೆಯವನು ಅವನೇ ಅಂತ. ಅವರು ನಗಲಿಲ್ಲ. "ಅವನ ಮಗ ಎಂತ ಮಾಡಿದ್ದು ಅಂತ ಗೊತ್ತುಂಟಾ ನಿಮಗೆ?" ಅಂದರು. ಗೊತ್ತಿತ್ತು, ಪುಸ್ತಕದಲ್ಲಿ ಓದಿದ್ದಷ್ಟು. 1783ರ ಮೇ ತಿಂಗಳಲ್ಲಿ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ. ಇಡೀ ಮಳೆಗಾಲ ಕಳೆದು ಕೋಟೆ ಕೈಗೆ ಬಂದಿದ್ದು 1784ರ ಜನವರಿಯಲ್ಲಿ, ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದ. ಅದೇ ವರ್ಷ ಕರಾವಳಿಯ ಕ್ರೈಸ್ತರನ್ನ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಬದುಕುಳಿದವರಲ್ಲಿ ಎಷ್ಟೋ ಜನ ವಾಪಸ್ ಬಂದಿದ್ದು 1799ರಲ್ಲಿ ಅವನು ಸತ್ತ ಮೇಲೆ. ಬಾಯಮ್ಮನದು ಹಾಗೆ ವಾಪಸ್ ಬಂದವರ ಮನೆತನ. ನಾನು ಪರೀಕ್ಷೆಗೆ ಬರೆದು ಮರೆತ ಇಸವಿ ಅವರ ಮನೆಯಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ದಾಟಿಕೊಂಡು ಬಂದಿದೆ. ಅಂದಿನಿಂದ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋದಾಗ ಸೆಲ್ಫಿ ತೆಗೆಯೋ ಮುಂಚೆ ಒಂದು ಕ್ಷಣ ಯೋಚನೆ ಬರುತ್ತೆ.

ಟಿಪ್ಪು ಸತ್ತ ಮೇಲೆ ನಮ್ಮೂರು ಮೈಸೂರಿಗೆ, ಮಂಗಳೂರು ಕಂಪನಿಗೆ. ದಕ್ಷಿಣ ಕನ್ನಡ ಮದರಾಸಿನ ಜೊತೆಗೇ ಉಳಿದು 1956ರ ನವೆಂಬರ್ 1ಕ್ಕೆ ನಮ್ಮ ಜೊತೆ ಸೇರಿತು. ಒಂದೂವರೆ ಶತಮಾನ ಈ ಎರಡು ಊರುಗಳ ಕಾಗದಪತ್ರ ಬೇರೆ ಬೇರೆ ಕಪಾಟಿನಲ್ಲಿದ್ದವು. ಆ ಹೊಳೆ, ಈ ಬಯಲು ಒಂದೇ ರಾಜ್ಯದ ಸ್ವತ್ತು ಅನ್ನೋ ಯೋಚನೆ ಬರೋಕೆ ಮೊದಲು ಒಂದೇ ರಾಜ್ಯ ಇರಬೇಕಲ್ಲ.

ಮಂಗಳೂರಿನ ಮಳೆ ವರ್ಷಕ್ಕೆ 4,000 ಮಿ.ಮೀ. ಹತ್ತಿರ. ಕೋಲಾರದ್ದು 700 ಚಿಲ್ಲರೆ. ಈ ಅಂಕಿಯ ಅರ್ಥ ಗೊತ್ತಾಗಬೇಕಾದರೆ ಇಲ್ಲಿ ಒಂದು ಜೂನ್ ಕಳೀಬೇಕು. ಬೆಲ್ಟಿಗೆ, ಶೂಗೆ, ಡಿಗ್ರಿ ಸರ್ಟಿಫಿಕೇಟಿಗೆ ಬೂಷ್ಟು ಬರುತ್ತೆ. ಬೆಳಿಗ್ಗೆ ಎದ್ದ ತಕ್ಷಣ ಅಪ್ಪ ಅಮ್ಮಂದಿರು ವಾಟ್ಸಾಪ್ ನೋಡೋದು ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟರಾ ಅಂತ. ನಮ್ಮಂಥವರಿಗೆ ರಜೆ ಇಲ್ಲ. ರೇನ್‌ಕೋಟ್ ಒಳಗೆ ಬೆವತು, ಹೊರಗೆ ನೆನೆದು ಆಫೀಸು ಸೇರಬೇಕು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧ, ಮೀನಿನ ರೇಟು ಆಕಾಶಕ್ಕೆ. ಕುಚ್ಚಲಕ್ಕಿ ಗಂಜಿ, ಹಪ್ಪಳ, ಉಪ್ಪಿನಕಾಯಿ. ಆಟಿ ಬಂದರೆ ಪತ್ರೊಡೆ, ಅಮಾವಾಸ್ಯೆಗೆ ಪಾಲೆ ಮರದ ತೊಗಟೆಯ ಕಹಿ ಕಷಾಯ. ಮುದ್ದೆ ತಿಂದು ಬೆಳೆದ ನನಗೂ ಈಗ ಪತ್ರೊಡೆ ಇಲ್ಲದ ಜುಲೈ ಖಾಲಿ ಅನ್ಸುತ್ತೆ. ಮಳೆಯನ್ನ ಬೈಯೋದನ್ನೂ ಇಲ್ಲೇ ಕಲಿತೆ. ಮೊದಲ ಸಲ "ಛೆ, ಈ ಮಳೆ" ಅಂದಾಗ ಅಪ್ಪ ಎಲ್ಲಾದ್ರೂ ಕೇಳಿಸಿಕೊಂಡರೇನೋ ಅಂತ ಗಾಬರಿಯಾಗಿತ್ತು.

ನಮ್ಮ ಕಡೆ ಮಳೆಯನ್ನ ಬೈಯೋ ಹಾಗಿಲ್ಲ, ಹಿಡಿದಿಡಬೇಕು. ವರ್ಷವಿಡೀ ಹರಿಯೋ ಒಂದೇ ಒಂದು ನದಿ ಇಲ್ಲದ ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಒಂದರ ಕೋಡಿ ನೀರು ಕೆಳಗಿನ ಇನ್ನೊಂದಕ್ಕೆ, ಅದರದು ಮತ್ತೊಂದಕ್ಕೆ. 1866ರಲ್ಲಿ ಮೈಸೂರಿನ ಚೀಫ್ ಇಂಜಿನಿಯರ್ ಆಗಿದ್ದ ಸ್ಯಾಂಕಿ (ಹೌದು, ಬೆಂಗಳೂರಿನ ಸ್ಯಾಂಕಿ ಕೆರೆಯವರೇ) ಈ ಸೀಮೆಯ ಕೆರೆಗಳನ್ನ ನೋಡಿ, ಇಲ್ಲಿ ಹೊಸದೊಂದು ಕೆರೆಗೆ ಜಾಗ ಹುಡುಕಬೇಕಾದರೆ ಸ್ವಲ್ಪ ಚಾಣಾಕ್ಷತನವೇ ಬೇಕು ಅನ್ನೋ ಅರ್ಥದಲ್ಲಿ ಬರೆದಿದ್ದಾರೆ. 1905ರಲ್ಲಿ ರೈಸ್ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟ ತೆರೆದರೆ ಬಿತ್ತುವಟ್ಟ, ಕಟ್ಟುಕೊಡಗೆ ಅನ್ನೋ ಪದಗಳು ಸಿಗುತ್ತವೆ. ಕೆರೆ ಕಟ್ಟಿಸಿದವನಿಗೆ, ನೋಡಿಕೊಳ್ಳೋನಿಗೆ ಅದೇ ಕೆರೆಯ ಕೆಳಗೆ ಕೊಡುತ್ತಿದ್ದ ಜಮೀನು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮೇಂಟೆನೆನ್ಸ್ ಕಾಂಟ್ರ್ಯಾಕ್ಟ್, ಕಲ್ಲಲ್ಲಿ ಕೆತ್ತಿದ್ದು. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಅಂತ ಬಿಡೋನು ನೀರಗಂಟಿ. ಅವನಿಗೆ ಸುಗ್ಗಿಯಲ್ಲಿ ಕಣದಿಂದ ಧಾನ್ಯ. ನಮ್ಮ ಕಡೆ ನೀರಗಂಟಿಗಳು ಬಹುಪಾಲು ದಲಿತರು. ಊರಿಗೆಲ್ಲ ನೀರು ಹಂಚೋ ಆ ಕೈಗೆ ಊರ ಬಾವಿಯ ಹಗ್ಗ ಮುಟ್ಟೋ ಹಾಗಿರಲಿಲ್ಲ. ಕೆರೆಗಳ ಸುವರ್ಣಯುಗದ ಬಗ್ಗೆ ಭಾಷಣ ಕೇಳಿದಾಗಲೆಲ್ಲ ನನಗೆ ಇದು ನೆನಪಾಗುತ್ತೆ.

ಅಪ್ಪನ ಕಾಲಕ್ಕೆ ಬೋರ್‌ವೆಲ್ ಬಂತು. ಮನೆ ಬಾಗಿಲಲ್ಲಿ ಬಟನ್ ಒತ್ತಿದರೆ ನೀರು ಬರೋವಾಗ ಕೆರೆ ಹೂಳು ಯಾರು ಎತ್ತುತ್ತಾರೆ? 80ರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಹೊಲಗಳಿಗೂ ನೀಲಗಿರಿ ಬಂತು. ರಾಜಕಾಲುವೆಗಳು ಒತ್ತುವರಿಯಾದವು. ನಾನು ಬಿ.ಇ. ಸೇರೋ ಹೊತ್ತಿಗೆ ನಮ್ಮ ಕಡೆ ಬೋರು ಸಾವಿರ ಅಡಿ ದಾಟಿತ್ತು, ಸಿಕ್ಕಿದ ನೀರಲ್ಲೂ ಫ್ಲೋರೈಡ್. ನನ್ನ ಮೊದಲ ವರ್ಷದ ಫೀಸು, ಅಪ್ಪ ಕೊರೆಸಿದ ಮೂರನೇ ಬೋರು ಎರಡಕ್ಕೂ ಒಂದೇ ಸಾಲ. ಫೀಸು ದಕ್ಕಿತು, ಬೋರಲ್ಲಿ ಬರೀ ಧೂಳು.

ಇಂಥ ಜಿಲ್ಲೆಗೆ ನೇತ್ರಾವತಿ ನೀರು ತರಬಹುದು ಅಂತ ನೀರಾವರಿ ತಜ್ಞ ಜಿ.ಎಸ್. ಪರಮಶಿವಯ್ಯನವರು ವರದಿ ಕೊಟ್ಟಾಗ ನಮ್ಮ ಕಡೆಯವರು ಅದನ್ನ ದೇವರ ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡರು. ಮುಂದೆ ಅದು ರೂಪ ಬದಲಿಸಿ ಎತ್ತಿನಹೊಳೆ ಯೋಜನೆಯಾಯ್ತು. ಸಕಲೇಶಪುರದ ಬಳಿ ಹುಟ್ಟೋ ಎತ್ತಿನಹೊಳೆ ಮತ್ತು ಅಕ್ಕಪಕ್ಕದ ಹಳ್ಳಗಳು ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡುತ್ತವೆ. ಅಲ್ಲಿಂದ ಮಳೆಗಾಲದಲ್ಲಿ 24 ಟಿಎಂಸಿ ನೀರು ಎತ್ತಿ, ಸುಮಾರು 250 ಕಿ.ಮೀ. ಕಾಲುವೆಯಲ್ಲಿ ಪೂರ್ವಕ್ಕೆ ಹರಿಸೋದು. 2014ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ. ಮೊದಲ ಅಂದಾಜು ಎಂಟು ಸಾವಿರ ಕೋಟಿ ಚಿಲ್ಲರೆ, 2023ಕ್ಕೆ 23,000 ಕೋಟಿ ದಾಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ, ಅಲ್ಲಿರೋದೇ 9.55 ಟಿಎಂಸಿ ಅಂದಿತು. ಇಪ್ಪತ್ತನಾಲ್ಕು ಎಲ್ಲಿ, ಒಂಬತ್ತೂವರೆ ಎಲ್ಲಿ! ನಮ್ಮ ಕಡೆ ಆ ವರದಿಯನ್ನ ಯಾರೂ ನಂಬಲಿಲ್ಲ. ಇಲ್ಲಿ ಎಲ್ಲರೂ ನಂಬಿದರು. ಎರಡೂ ಕಡೆ ಅದನ್ನ ಓದಿದವರನ್ನ ನಾನು ಕಂಡಿಲ್ಲ.

2016ರ ಮೇ ತಿಂಗಳು. ನಾನು ಇಲ್ಲಿ ಒಂದು ಮಳೆಗಾಲ ಮುಗಿಸಿದ್ದೆ. ತುಂಬೆಯ ಕಿಂಡಿ ಅಣೆಕಟ್ಟು ಬತ್ತಿ ಮಂಗಳೂರಿಗೆ ನೀರಿಲ್ಲ! ನಲ್ಲಿಯಲ್ಲಿ ಗಾಳಿ, ಬಾಯಮ್ಮನ ಬಾವಿಯಲ್ಲಿ ತಳದ ಕೆಂಪು ಕಲ್ಲು. ಸಂದಿಯೊಳಗೆ ಟ್ಯಾಂಕರ್ ಬಂದಾಗ ಕೊಡ ಹಿಡಿದು ಓಡಿದೆ. ಅದೇ ನೀಲಿ, ಹಸಿರು ಪ್ಲಾಸ್ಟಿಕ್ ಕೊಡಗಳು. ಮಳೆ ಊರಿಗೆ ಬಂದು ನಾನು ಕ್ಯೂ ನಿಂತಿದ್ದೆ. ಮೇ 19ಕ್ಕೆ ಎತ್ತಿನಹೊಳೆ ವಿರೋಧಿಸಿ ಜಿಲ್ಲಾ ಬಂದ್. ಬಸ್ಸಿಲ್ಲ, ಅಂಗಡಿಯಿಲ್ಲ. ಅದಕ್ಕೆ ಎರಡು ತಿಂಗಳ ಮುಂಚೆ, ಅದೇ ನೀರು ಬೇಕು ಅಂತ ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೆ ಹೊರಟಿದ್ದ ನಮ್ಮ ಕಡೆಯ ರೈತರ ಜೊತೆ ನಮ್ಮ ಚಿಕ್ಕಪ್ಪ ಇದ್ದರು. ಇಲ್ಲಿ ನಾನು ಗೇಟಿನ ಹತ್ತಿರ ಬಾಯಮ್ಮನ ಜೊತೆ ಟ್ಯಾಂಕರ್ ಕಾಯ್ತಾ ಇದ್ದೆ.

"ನಿಮ್ಮ ಊರಿಗೆ ಅಲ್ವಾ ನಮ್ಮ ನೀರು ಕೊಂಡೋಗುದು?" ಅಂದರು.

"ಹೌದು."

"ಇಲ್ಲಿ ಕುಡಿಲಿಕ್ಕೇ ಇಲ್ಲ ಮಾರಾಯ್ರೆ."

ಮಳೆಗಾಲದ ನೀರು ಮಾತ್ರ ಎತ್ತೋದು ಅಂತ ಹೇಳಬಹುದಿತ್ತು. ಅವರ ಕೈಯಲ್ಲಿದ್ದ ಖಾಲಿ ಕೊಡದ ಮುಂದೆ ಆ ಮಾತು ಬಾಯಿಗೆ ಬರಲಿಲ್ಲ. ಆ ರಾತ್ರಿ ಅಪ್ಪನ ಫೋನ್. "ಟೀವಿಯಲ್ಲಿ ನೋಡ್ದೆ. ಆ ಪಾಟಿ ಮಳೆ ಬೀಳೋ ಊರವ್ರು ನಮ್ಗೊಂದು ತೊಟ್ಟು ಕೊಡಕ್ಕಾಗಲ್ವಂತಾ?" ನಮ್ಮ ಮನೆಯಲ್ಲೂ ನೀರಿಲ್ಲಪ್ಪ ಅಂದೆ. ಅವರು ನಂಬಲಿಲ್ಲ. ನಾನು ಆ ಕಡೆ ಸೇರಿಕೊಂಡೆ ಅಂದುಕೊಂಡರು, ಅಷ್ಟೇ. 2019ರ ಮೇನಲ್ಲಿ ಮತ್ತೆ ಇಲ್ಲಿ ಸರದಿ ಪ್ರಕಾರ ನೀರು ಬಿಟ್ಟಾಗ ನಾನು ಫೋನಲ್ಲಿ ಆ ವಿಷಯವನ್ನೇ ಎತ್ತಲಿಲ್ಲ.

ನೇತ್ರಾವತಿಯ ಉದ್ದ ನೂರು ಕಿಲೋಮೀಟರ್ ಚಿಲ್ಲರೆ. ಘಟ್ಟದಲ್ಲಿ ಬಿದ್ದ ಮಳೆ ನೋಡನೋಡುತ್ತಾ ಸಮುದ್ರ ಸೇರುತ್ತೆ. ಮಂಗಳೂರಿನದು ಬ್ಯಾಂಡ್‌ವಿಡ್ತ್, ಕೋಲಾರದ್ದು ಸ್ಟೋರೇಜ್ ಅಂತ ಟೀಮ್‌ನಲ್ಲಿ ಹೇಳಿ ನಗಿಸಿದ್ದೆ. ಆಮೇಲೆ ಗೊತ್ತಾಯ್ತು, ಅದು ಅರ್ಧ ಸತ್ಯ. ಕರಾವಳಿಯವರೂ ಮಳೆ ನಿಂತ ಮೇಲೆ ಹಳ್ಳಕ್ಕೆ ಕಲ್ಲು, ಮಣ್ಣಿನ ಕಟ್ಟ ಹಾಕಿ ನೀರು ನಿಲ್ಲಿಸುತ್ತಿದ್ದವರೇ. ಗುಡ್ಡದ ನೆತ್ತಿಗೆ ಮದಕ, ಬಂಟ್ವಾಳದಿಂದ ಕಾಸರಗೋಡಿನವರೆಗೆ ಗುಡ್ಡದ ಹೊಟ್ಟೆಯೊಳಗೆ ಸುರಂಗ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ತೋಟ ಮಾಡಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂತು. ನಮ್ಮಲ್ಲಿ ಬೋರು ಬಂದು ಕೆರೆ ಮರೆತ ಹಾಗೆ ಇಲ್ಲಿ ಪಂಪು ಬಂದು ಕಟ್ಟ ಮರೆತರು.

ಊರಲ್ಲಿ ಕೆರೆ ತುಂಬಿದ್ದೂ ಆಯ್ತು, ಬೇರೆ ನೀರಿನಿಂದ. 2018ರ ಜೂನಿನಲ್ಲಿ ಕೆ.ಸಿ. ವ್ಯಾಲಿಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರು ಸ್ನಾನ ಮಾಡಿ, ಬಟ್ಟೆ ಒಗೆದು ಬಿಟ್ಟದ್ದನ್ನ ಎರಡು ಹಂತ ಶುದ್ಧ ಮಾಡಿ ಕಳಿಸಿದ್ದು. ಜುಲೈನಲ್ಲಿ ನೊರೆ ಎದ್ದು ಕೋರ್ಟು ನಿಲ್ಲಿಸಿತು, ಆಮೇಲೆ ಮತ್ತೆ ಹರಿಯಿತು. ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನೋ ಕೂಗಿನ ನಡುವೆಯೇ ಬತ್ತಿದ ಬೋರುಗಳಲ್ಲಿ ನೀರು ಬಂತು. 2024ರ ಸೆಪ್ಟೆಂಬರ್ 6, ಗೌರಿ ಹಬ್ಬದ ದಿನ, ಎತ್ತಿನಹೊಳೆಯ ಮೊದಲ ಹಂತದ ಉದ್ಘಾಟನೆಯನ್ನ ಅಪ್ಪ ಟೀವಿಯಲ್ಲಿ ನೋಡಿದರು. ನೀರು ಎತ್ತಿದ್ದನ್ನ ನೋಡಿದರು, ನಮ್ಮ ಕೆರೆಗೆ ಬಂದಿದ್ದನ್ನಲ್ಲ.

ಮರುವರ್ಷದ ಜುಲೈನಲ್ಲಿ ಅಪ್ಪ ಮೊದಲ ಸಲ ಮಂಗಳೂರಿಗೆ ಬಂದರು. ರಾತ್ರಿ ಸೂರಿನಿಂದ ನೀರು ಸುರಿಯೋದು ನೋಡಿ ಮನೆಯಲ್ಲಿದ್ದ ಬಕೆಟ್ಟು, ಕೊಡ, ಕುಕ್ಕರಿನ ಪಾತ್ರೆ ಎಲ್ಲ ತಂದು ಸಾಲಾಗಿ ಇಟ್ಟರು. ಅರ್ಧ ನಿಮಿಷಕ್ಕೆ ಎಲ್ಲ ತುಂಬಿ ಚೆಲ್ಲಿತು. ಬಾಯಮ್ಮ ಮೇಲಿಂದ ನೋಡುತ್ತಿದ್ದರು. ನಗಲಿಲ್ಲ, ಇಳಿದು ಬಂದು ತಮ್ಮದೂ ಒಂದು ಬಕೆಟ್ ಕೊಟ್ಟರು.

ಮರುದಿನ ಈ ನೀರೆಲ್ಲ ಎಲ್ಲಿಗೆ ಹೋಗುತ್ತೆ ತೋರಿಸು ಅಂದರು. ಉಳ್ಳಾಲದ ಕೋಟೆಪುರಕ್ಕೆ ಕರಕೊಂಡು ಹೋದೆ. ಅಳಿವೆ ಬಾಗಿಲಲ್ಲಿ ಎರಡು ಹೊಳೆಗಳ ಕೆಂಪು ನೀರು ಸಮುದ್ರಕ್ಕೆ ನುಗ್ಗುತ್ತಾ ಇತ್ತು. ನೀರು ವೇಸ್ಟ್ ಆಗ್ತಿದೆ ಅಂತ ಶುರು ಮಾಡ್ತಾರೆ ಅಂದುಕೊಂಡೆ. ಅವರು ನೋಡಿದ್ದು ಬಣ್ಣ. "ಏನ್ ಗೋಡು ಐತಲೋ ಇದ್ರಲ್ಲಿ! ಹೊಲಕ್ಕೆ ಹೊಡುದ್ರೆ ಮೂರು ವರ್ಷ ಗೊಬ್ಬರ ಬೇಡ." ಪಕ್ಕದಲ್ಲಿ ಬಲೆ ಸರಿಮಾಡುತ್ತಿದ್ದ ಒಬ್ಬರು ತಲೆಯೆತ್ತಿ, "ಅದು ಬಂದ್ರೇ ಅಲ್ವಾ ನಮಗೆ ಮೀನು?" ಅಂದರು.

ಅಪ್ಪ ಅವರ ಪಕ್ಕ ಕುಕ್ಕರಗಾಲಲ್ಲಿ ಕೂತರು. ಯಾವ ಮೀನು, ಯಾವ ತಿಂಗಳು, ಕೆಂಪು ನೀರು ಕಮ್ಮಿ ಬಂದ ವರ್ಷ ಏನಾಗುತ್ತೆ, ಒಂದೊಂದಾಗಿ ಕೇಳತೊಡಗಿದರು. ನಾನು ಛತ್ರಿ ಹಿಡಿದು ನಿಂತಿದ್ದೆ. ಮಾತು ಮುಗಿಯೋ ಹೊತ್ತಿಗೆ ಮೂವರೂ ನೆನೆದಿದ್ದೆವು.